ಗೋಧಿ ಬಿಟ್ಟರೆ ತೂಕ ಇಳಿಯುವುದು ಹೇಗೆ?

ಹದಿನೈದು ವರ್ಷದ ಹಿಂದೆ ತೂಕ ಇಳಿಸಬೇಕು, ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು ಅಂದವರಿಗೆಲ್ಲ ನಮ್ಮಲ್ಲಿ ಸಿಗುತ್ತಿದ್ದ ಸಲಹೆ ಒಂದೇ: ರಾತ್ರಿ ಅನ್ನ ಬಿಡಿ, ಎರಡು ಚಪಾತಿ ತಿನ್ನಿ. ಮೈಸೂರು, ಮಂಡ್ಯ, ಮಂಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ದಿನಾ ರಾತ್ರಿ ಚಪಾತಿ ಶುರುವಾದದ್ದು ಹೀಗೆ. ಈಗ ಅದೇ ಮನೆಗಳಲ್ಲಿ ಲಟ್ಟಣಿಗೆ ಮೂಲೆ ಸೇರುತ್ತಿದೆ. ಗೋಧಿಯೇ ಹೊಟ್ಟೆ ಬರಿಸುತ್ತದೆ, ಅದೊಂದನ್ನು ಬಿಟ್ಟರೆ ಸಾಕು, ತೂಕ ತಾನಾಗಿ ಇಳಿಯುತ್ತದೆ ಎಂಬ ಮಾತು ಬೆಳಗಿನ ವಾಕಿಂಗಿನಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕಿವಿಗೆ ಬೀಳುತ್ತದೆ. ಬಿಟ್ಟವರಲ್ಲಿ ಅನೇಕರಿಗೆ ತೂಕ ಇಳಿದಿದೆ, ಸೊಂಟದ ಪಟ್ಟಿ ಒಂದೆರಡು ತೂತು ಒಳಗೆ ಹೋಗಿದೆ. ಅವರ ಮಾತನ್ನು ಅನುಮಾನಿಸಬೇಕಾಗಿಲ್ಲ. ಇಳಿದದ್ದು ಯಾವುದರಿಂದ ಎಂಬುದು ಮಾತ್ರ ಅವರಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಅದು ತಿಳಿಯದಿದ್ದರೆ ಹೋದ ತೂಕ ಹೇಗೆ ಹೋಯಿತೋ ಹಾಗೆಯೇ ಹಿಂದಿರುಗಿ ಬರುತ್ತದೆ. ಬಂದಾಗ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ. ಅದನ್ನು ನೋಡಲು ನನಗೆ ಬೇಸರ.

ನಮ್ಮ ಮೇಲಿನ ಮನೆಯಲ್ಲಿ ಹೈಸ್ಕೂಲು ಮೇಡಂ ಒಬ್ಬರಿದ್ದಾರೆ. ‘ಗೋಧಿ ಬಿಟ್ಟೆ ಅಷ್ಟೇ ರೀ, ಬೇರೆ ಏನೂ ಮಾಡ್ಲಿಲ್ಲ, ನಾಲ್ಕು ತಿಂಗಳಿಗೆ ಆರು ಕೆಜಿ ಇಳಿದೆ’ ಎಂದು ಸಂತೋಷದಿಂದ ಹೇಳಿದರು. ‘ಮೊದಲು ದಿನಾ ಏನೇನು ತಿಂತಿದ್ರಿ, ಈಗ ಏನು ತಿಂತೀರಿ, ಒಂದು ಹಾಳೆಯಲ್ಲಿ ಬರೆದುಕೊಡ್ತೀರಾ ಮೇಡಂ?’ ಎಂದು ಕೇಳಿದೆ. ಪ್ರಶ್ನೆಪತ್ರಿಕೆ ಬರೆಯುವಷ್ಟೇ ಅಚ್ಚುಕಟ್ಟಾಗಿ ಬರೆದುಕೊಟ್ಟರು. ಮೊದಲಿನ ಪಟ್ಟಿ: ಬೆಳಗಿನ ಕಾಫಿಗೆ ಎರಡು ರಸ್ಕು, ಹನ್ನೊಂದು ಗಂಟೆಗೆ ಸ್ಟಾಫ್ ರೂಮಿನಲ್ಲಿ ಟೀ ಜೊತೆ ನಾಲ್ಕು ಕ್ರೀಮ್ ಬಿಸ್ಕತ್ತು, ಸಂಜೆ ಮನೆಗೆ ಬರುವ ದಾರಿಯಲ್ಲಿ ಬೇಕರಿಯ ಪಫ್ಸ್ ಇಲ್ಲವೇ ಖಾರಾ ಬನ್, ರಾತ್ರಿ ಎಣ್ಣೆ ಹಾಕಿ ಬೇಯಿಸಿದ ಮೂರು ಚಪಾತಿ ಮತ್ತು ಪಲ್ಯ. ಈಗಿನದು: ಬರೀ ಕಾಫಿ, ಹನ್ನೊಂದಕ್ಕೆ ಒಂದು ಸೀಬೆಹಣ್ಣು ಅಥವಾ ಒಂದು ಹಿಡಿ ಹುರಿದ ಕಡಲೆ, ಸಂಜೆಗೆ ಏನಿಲ್ಲ, ರಾತ್ರಿ ಎರಡು ತೆಳ್ಳನೆಯ ಜೋಳದ ರೊಟ್ಟಿ, ಮೊಳಕೆ ಹೆಸರುಕಾಳಿನ ಪಲ್ಯ, ಮೊಸರು.

ಲೆಕ್ಕ ಹಾಕಿ ನೋಡೋಣ. ರಸ್ಕು ಎರಡಕ್ಕೆ ಸುಮಾರು 80 ಕ್ಯಾಲೊರಿ, ಕ್ರೀಮ್ ಬಿಸ್ಕತ್ತಿಗೆ 200, ಪದರ ಪದರದಲ್ಲೂ ವನಸ್ಪತಿ ಇರುವ ಪಫ್ಸ್‌ಗೆ 250ಕ್ಕೆ ಕಡಿಮೆಯಿಲ್ಲ. ಚಪಾತಿಯ ಲೆಕ್ಕ ಇನ್ನೂ ನೋಡಬೇಕಾದದ್ದು. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಸುಮಾರು 100 ಕ್ಯಾಲೊರಿ. ಅದರ ಮೇಲೆ ಸವರುವ ಒಂದು ಚಮಚ ಎಣ್ಣೆಯಲ್ಲಿ 45. ಮೂರು ಚಪಾತಿಗೆ ಮೂರು ಚಮಚ ಎಣ್ಣೆ ಅಂದರೆ ಒಂದೂಕಾಲು ಚಪಾತಿಗೂ ತುಸು ಹೆಚ್ಚು ಶಕ್ತಿ ಬರೀ ಎಣ್ಣೆಯ ರೂಪದಲ್ಲಿ ಹೊಟ್ಟೆ ಸೇರಿತು. ಜೋಳದ ರೊಟ್ಟಿಗೆ ಎಣ್ಣೆ ಬೇಡ, ನೀರು ಸವರಿ ಬೇಯಿಸುವುದು. ಎಲ್ಲ ಕೂಡಿ ಕಳೆದರೆ ಮೇಡಂ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ತಿನ್ನುತ್ತಿದ್ದಾರೆ. ನಾಲ್ಕು ತಿಂಗಳು ಹೀಗೆ ತಿಂದರೆ ಯಾರಿಗಾದರೂ ಆರು ಕೆಜಿಯ ಆಸುಪಾಸು ಇಳಿಯಲೇಬೇಕು. ಅವರು ಬಿಟ್ಟದ್ದರಲ್ಲಿ ಬರೀ ಗೋಧಿ ಎನ್ನುವಂಥದ್ದು ಒಂದೂ ಇರಲಿಲ್ಲ. ಪ್ರತಿಯೊಂದೂ ಸಕ್ಕರೆ, ವನಸ್ಪತಿ, ಎಣ್ಣೆಯ ಜೊತೆಯಲ್ಲೇ ಬಂದ ಗೋಧಿ.

ಇನ್ನೊಂದು ಸಂಗತಿಯೂ ಅವರ ಹಾಳೆಯಲ್ಲೇ ಇತ್ತು. ವಾರಕ್ಕೆರಡು ದಿನ ತಿಂಡಿಗೆ ಉಪ್ಪಿಟ್ಟು, ಒಂದು ದಿನ ಶಾವಿಗೆ. ಅದನ್ನು ಅವರು ಬಿಟ್ಟಿರಲಿಲ್ಲ. ಗೋಧಿ ಬಿಟ್ಟೆವು ಎನ್ನುವ ಬಹಳಷ್ಟು ಮನೆಗಳಲ್ಲಿ ರವೆಯೂ ಗೋಧಿಯೇ ಎಂಬುದು ಯಾರ ಮನಸ್ಸಿಗೂ ಬರುವುದಿಲ್ಲ. ಉಪ್ಪಿಟ್ಟು, ಕೇಸರಿಬಾತ್, ರವೆ ಇಡ್ಲಿ ಎಲ್ಲವೂ ಗೋಧಿಯವೇ. ರವೆ ಇಡ್ಲಿಯಂತೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ತಾವು ಮಾಡಿದ ಹೊಸ ತಿಂಡಿ ಎಂದು ಬೆಂಗಳೂರಿನ ಎಂ.ಟಿ.ಆರ್.ನವರು ಹೇಳಿಕೊಂಡು ಬಂದಿದ್ದಾರೆ. ಗೋಧಿಯೊಳಗೇ ಕೊಬ್ಬು ಬೆಳೆಸುವ ವಿಶೇಷ ಗುಣವೇನಾದರೂ ಇದ್ದಿದ್ದರೆ ವಾರಕ್ಕೆ ಮೂರು ದಿನ ರವೆ, ಶಾವಿಗೆ ತಿನ್ನುವವರಿಗೆ ತೂಕ ಇಳಿಯಬಾರದಿತ್ತು. ಇಳಿಯುತ್ತಿದೆ. ಯಾಕೆಂದರೆ ಬೇಕರಿ ಬಿಟ್ಟಿದ್ದಾರೆ.

ಗೋಧಿಯ ಮೇಲೆ ಈ ಗುಮಾನಿ ಇಷ್ಟು ಜೋರಾಗಿ ಹಬ್ಬಿದ್ದು ಅಮೆರಿಕದಿಂದ. ವಿಲಿಯಂ ಡೇವಿಸ್ ಎಂಬ ಹೃದ್ರೋಗ ತಜ್ಞರು 2011ರಲ್ಲಿ ‘ವೀಟ್ ಬೆಲ್ಲಿ’ ಎಂಬ ಪುಸ್ತಕ ಬರೆದರು. ಲಕ್ಷಗಟ್ಟಲೆ ಜನ ಕೊಂಡು ಓದಿದರು. ಅವರ ವಾದವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಈಗ ನಾವು ತಿನ್ನುವ ಗೋಧಿ ಅಜ್ಜ ಮುತ್ತಜ್ಜರು ತಿಂದ ಗೋಧಿಯಲ್ಲ, ಹಸಿರು ಕ್ರಾಂತಿಯ ಕಾಲದಲ್ಲಿ ತಳಿ ಬದಲಿಸಿದ ಗಿಡ್ಡ ಗೋಧಿ. ಅದರ ಪಿಷ್ಟ ರಕ್ತದ ಸಕ್ಕರೆಯನ್ನು ಬೇರೆ ಧಾನ್ಯಗಳಿಗಿಂತ ಬೇಗ ಏರಿಸುತ್ತದೆ. ಅದರೊಳಗಿನ ಗ್ಲಿಯಾಡಿನ್ ಎಂಬ ಪ್ರೋಟೀನು ಜೀರ್ಣವಾಗುವಾಗ ಅಫೀಮಿನ ಜಾತಿಯ ತುಣುಕುಗಳಾಗಿ ಮಿದುಳಿಗೆ ತಟ್ಟಿ ಹಸಿವು ಹೆಚ್ಚಿಸುತ್ತದೆ.

ಮೊದಲ ಮಾತಿನಲ್ಲಿ ಇತಿಹಾಸದ ಭಾಗ ಸರಿ. ನಾರ್ಮನ್ ಬೋರ್ಲಾಗ್ ಮೆಕ್ಸಿಕೋದಲ್ಲಿ ಬೆಳೆಸಿದ ಗಿಡ್ಡ ಗೋಧಿಗೆ ಗಿಡ್ಡತನ ಬಂದದ್ದು ಜಪಾನಿನ ನೋರಿನ್ 10 ಎಂಬ ತಳಿಯಿಂದ. 1966ರಲ್ಲಿ ಭಾರತ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಬೀಜ ತರಿಸಿಕೊಂಡಿತು. ಎಂ.ಎಸ್. ಸ್ವಾಮಿನಾಥನ್ ಮತ್ತು ಸಂಗಡಿಗರ ಕೆಲಸದಿಂದ ಕಲ್ಯಾಣ್ ಸೋನಾ, ಸೋನಾಲಿಕಾ ತಳಿಗಳು ಬಂದವು. ಅಲ್ಲಿಯವರೆಗೆ ಅಮೆರಿಕದ ಪಿಎಲ್-480 ಯೋಜನೆಯ ಧಾನ್ಯದ ಹಡಗುಗಳ ದಾರಿ ಕಾಯುತ್ತಿದ್ದ ದೇಶ ತನ್ನ ಅನ್ನವನ್ನು ತಾನೇ ಬೆಳೆಯತೊಡಗಿತು. ಆದರೆ ಗಿಡದ ಕಾಂಡ ಗಿಡ್ಡವಾಯಿತು ಎಂದಮಾತ್ರಕ್ಕೆ ಕಾಳಿನ ಒಳಗೆ ವಿಷ ತುಂಬಿಕೊಳ್ಳುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ಡೊನಾಲ್ಡ್ ಕಸಾರ್ಡಾ ಇಪ್ಪತ್ತನೆಯ ಶತಮಾನದ ದಾಖಲೆಗಳನ್ನು ಹುಡುಕಿ ನೋಡಿ, ತಳಿ ಸುಧಾರಣೆಯಿಂದ ಅಲ್ಲಿನ ಗೋಧಿಯಲ್ಲಿ, ಗ್ಲಿಯಾಡಿನ್ ಒಳಗೊಂಡ ಗ್ಲುಟನ್ ಎಂಬ ಪ್ರೋಟೀನು ಹೆಚ್ಚಾಗಿದೆ ಎನ್ನಲು ಪುರಾವೆ ಸಿಗಲಿಲ್ಲ ಎಂದು 2013ರಲ್ಲಿ ಬರೆದರು.

ಪಿಷ್ಟದ ಮಾತಿಗೆ ಬಂದರೆ, ಗೋಧಿ ಬ್ರೆಡ್ಡು ರಕ್ತದ ಸಕ್ಕರೆಯನ್ನು ಬೇಗ ಏರಿಸುವುದು ಹೌದು. ಆದರೆ ಪಾಲಿಶ್ ಮಾಡಿದ ಅಕ್ಕಿಯ ಅನ್ನವೂ ಹೆಚ್ಚುಕಡಿಮೆ ಅಷ್ಟೇ ಬೇಗ ಏರಿಸುತ್ತದೆ. ನುಣ್ಣಗೆ ಬೀಸಿ ಗಂಜಿ ಕಾಯಿಸಿದ ರಾಗಿಯೂ ಏನು ಹಿಂದೆ ಬೀಳುವುದಿಲ್ಲ. ಹಾಗಾಗಿ ಈ ಅಪವಾದವನ್ನು ಗೋಧಿಯೊಂದರ ತಲೆಗೆ ಕಟ್ಟಲಾಗದು. ಅಫೀಮಿನ ತುಣುಕುಗಳ ಮಾತು ಪ್ರಯೋಗಾಲಯದಿಂದ ಬಂದದ್ದು. ಗ್ಲುಟನ್ ಒಡೆದಾಗ ಅಂಥ ತುಣುಕುಗಳು ಸಿಗುತ್ತವೆ. ಅವು ಚಪಾತಿ ತಿಂದ ಮನುಷ್ಯನ ಹಸಿವನ್ನು ಹೆಚ್ಚಿಸುತ್ತವೆ ಎಂಬುದು ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಸಾಬೀತಾಗಿಲ್ಲ. ಇನ್ನೊಂದು ಬಲವಾದ ಸಾಕ್ಷಿ ಇದೆ. ಗೋಧಿಯನ್ನು ಒಂದು ಚೂರೂ ಬಿಡದೆ ತ್ಯಜಿಸಲೇಬೇಕಾದ, ಸೀಲಿಯಾಕ್ ಎಂಬ ಕರುಳಿನ ಕಾಯಿಲೆಯ ರೋಗಿಗಳನ್ನು ನೋಡಿ. ಗೋಧಿ ಬಿಟ್ಟ ಮೇಲೆ ಅವರಲ್ಲಿ ಅನೇಕರ ತೂಕ ಏರುತ್ತದೆ, ಯಾಕೆಂದರೆ ಕರುಳು ಗುಣವಾಗಿ ತಿಂದದ್ದು ಮೈಗೆ ಹತ್ತತೊಡಗುತ್ತದೆ.

ಹಾಗಾದರೆ ಬೇಕರಿ ತಿಂಡಿಗೆ ಮನುಷ್ಯ ಅಷ್ಟು ಸುಲಭವಾಗಿ ಸೋಲುವುದೇಕೆ? ಇದಕ್ಕೆ ನನಗೆ ಬಹಳ ಒಪ್ಪಿಗೆಯಾದ ಉತ್ತರ ಕೊಟ್ಟವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್. 2019ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 20 ಮಂದಿಯನ್ನು ಆಸ್ಪತ್ರೆಯ ವಾರ್ಡಿನಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ಅಡುಗೆಮನೆಯಲ್ಲಿ ಮಾಡಿದ ಆಹಾರ ಕೊಟ್ಟರು. ಮುಂದಿಟ್ಟ ಎರಡೂ ಊಟದಲ್ಲಿ ಸಕ್ಕರೆ, ಕೊಬ್ಬು, ನಾರು ಸರಿಸುಮಾರು ಒಂದೇ ಸಮ ಇದ್ದವು. ಎಷ್ಟು ಬೇಕೋ ಅಷ್ಟು ತಿನ್ನಿ ಎಂದು ಬಿಟ್ಟರು. ಕಾರ್ಖಾನೆ ಆಹಾರದ ಸರದಿ ಬಂದಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡು ವಾರಕ್ಕೆ 900 ಗ್ರಾಂ ತೂಕ ಏರಿತು. ಇನ್ನೊಂದು ಸರದಿಯಲ್ಲಿ ಅಷ್ಟೇ ಇಳಿಯಿತು. ಮೃದುವಾದ, ಅಗಿಯುವ ಶ್ರಮ ಬೇಡದ, ಉಪ್ಪು ಸಿಹಿ ಕೊಬ್ಬು ಹದವಾಗಿ ಬೆರೆತ ತಿಂಡಿ ಬಾಯಿಂದ ಗಂಟಲಿಗೆ ಇಳಿಯುವ ವೇಗಕ್ಕೆ, ಸಾಕು ಎಂಬ ಸೂಚನೆ ಹೊಟ್ಟೆಯಿಂದ ತಲೆಗೆ ಮುಟ್ಟುವಷ್ಟರಲ್ಲಿ ತಟ್ಟೆ ಖಾಲಿಯಾಗಿರುತ್ತದೆ. ಸಂಜೆ ಐದಕ್ಕೆ ಯಾವುದೇ ಬೇಕರಿಯ ಮುಂದೆ ನಿಂತು ನೋಡಿ. ಆಲೂ ಬನ್ನು, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು ಎಲ್ಲವೂ ನಿಂತ ನಿಲುವಿನಲ್ಲೇ ಐದು ನಿಮಿಷದೊಳಗೆ ಮುಗಿಯುತ್ತವೆ. ಇಂಥ ತಿಂಡಿಯ ಬಹುಪಾಲು ಮೈದಾದಿಂದ ಆದದ್ದು. ಗೋಧಿಗೆ ದೂರವಾದವನು ತಿಳಿಯದೆಯೇ ಈ ಗುಂಪಿಗೆಲ್ಲ ದೂರವಾದ.

ಮೊದಲ ವಾರದ ಇಳಿಕೆಯ ಬಗ್ಗೆಯೂ ಒಂದು ಮಾತು ಹೇಳಬೇಕು, ಯಾಕೆಂದರೆ ಜನ ಅತಿ ಹೆಚ್ಚು ನಂಬುವುದೂ, ಆಮೇಲೆ ಅತಿ ಹೆಚ್ಚು ನಿರಾಶರಾಗುವುದೂ ಇದರಿಂದಲೇ. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೊಜನ್ ಎಂಬ ರೂಪದಲ್ಲಿ ಸುಮಾರು ಅರ್ಧ ಕೆಜಿ ಪಿಷ್ಟ ದಾಸ್ತಾನಿರುತ್ತದೆ. ಅದರ ಒಂದೊಂದು ಗ್ರಾಂ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಚಪಾತಿ, ಬ್ರೆಡ್ಡು, ಬಿಸ್ಕತ್ತು ಒಮ್ಮೆಲೇ ನಿಂತಾಗ ಆ ದಾಸ್ತಾನು ಕರಗಿ ನೀರೂ ಹೊರಟುಹೋಗುತ್ತದೆ. ತಕ್ಕಡಿಯ ಮುಳ್ಳು ಒಂದೂವರೆ ಎರಡು ಕೆಜಿ ಕೆಳಗೆ ಬರುವುದು ಅದರಿಂದ. ಹಬ್ಬದ ಊಟ ಒಂದಾದರೆ ಅದು ಮರಳಿ ತುಂಬಿಕೊಳ್ಳುತ್ತದೆ. ಕೊಬ್ಬು ಕರಗುವುದು ನಿಧಾನದ ಕೆಲಸ, ವಾರಕ್ಕೆ ಅರ್ಧ ಕೆಜಿ ಆದರೆ ಅದೇ ದೊಡ್ಡದು.

ಹೊಟ್ಟೆ ಹಗುರಾಯಿತು, ಉಬ್ಬರ ನಿಂತಿತು ಎನ್ನುವವರ ಅನುಭವವೂ ನಿಜವೇ. ಅದಕ್ಕೆ ಕಾರಣ ಗ್ಲುಟನ್ ಅಲ್ಲದೆ ಇರಬಹುದು ಎಂದು ಮೊದಲು ತೋರಿಸಿದವರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಅವರ ತಂಡ ಸೇರಿದೆ. ಅವರದೇ 2011ರ ಅಧ್ಯಯನ ಗ್ಲುಟನ್ ಕಡೆ ಬೆರಳು ತೋರಿಸಿತ್ತು. 2013ರಲ್ಲಿ ಇನ್ನೂ ಬಿಗಿಯಾಗಿ ಪರೀಕ್ಷಿಸಿದಾಗ ಗ್ಲುಟನ್‌ನ ಪಾತ್ರ ಕಾಣಲಿಲ್ಲ. ಆಮೇಲೆ ನಾರ್ವೆಯಲ್ಲಿ 59 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ಫ್ರಕ್ಟನ್ ಎಂಬ ಶರ್ಕರಪಿಷ್ಟದ ಕಡೆ ತೋರಿಸಿತು. ಅದು ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳಿಗೆ ಹೋಗಿ ಅಲ್ಲಿ ಹುದುಗಿ ಗ್ಯಾಸು ಮಾಡುತ್ತದೆ. ಗೋಧಿಯಲ್ಲಿ ಫ್ರಕ್ಟನ್ ಇದೆ. ಈರುಳ್ಳಿಯಲ್ಲಿದೆ, ಬೆಳ್ಳುಳ್ಳಿಯಲ್ಲಿದೆ. ಗೋಧಿ ಬಿಟ್ಟರೂ ಉಬ್ಬರ ಪೂರ್ತಿ ಹೋಗಲಿಲ್ಲ ಎನ್ನುವವರು ಒಂದೆರಡು ವಾರ ಈರುಳ್ಳಿ ಬೆಳ್ಳುಳ್ಳಿ ಕಡಿಮೆ ಮಾಡಿ ನೋಡಬಹುದು. ಉಬ್ಬರ ಇಳಿದಾಗ ಸೀರೆಯ ನೆರಿಗೆ, ಪ್ಯಾಂಟಿನ ಗುಂಡಿ ಸಡಿಲವಾಗುತ್ತದೆ. ಅದನ್ನು ಕೊಬ್ಬು ಕರಗಿದ್ದು ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಈಗ ತೂಕ ಹಿಂದಿರುಗುವ ದಾರಿಗೆ ಬರೋಣ. ಗೋಧಿ ಹೋದ ಜಾಗಕ್ಕೆ ಏನು ಬಂತು ಎಂಬುದರಲ್ಲೇ ಎಲ್ಲ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಗೋಧಿ ಹಿಟ್ಟಿನಲ್ಲಿ 320 ಕ್ಯಾಲೊರಿ ಇದ್ದರೆ ರಾಗಿಯಲ್ಲಿ 321, ಜೋಳದಲ್ಲಿ 334, ಬಿಳಿ ಅಕ್ಕಿಯಲ್ಲಿ 356. ನಾರಿನಲ್ಲಿ ಗೋಧಿಯೂ ರಾಗಿಯೂ ಒಂದೇ, ಎರಡರಲ್ಲೂ ಸುಮಾರು 11 ಗ್ರಾಂ. ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಅಂದಮೇಲೆ ರಾಗಿ ಹಗುರ, ಗೋಧಿ ಭಾರ ಎಂಬುದಕ್ಕೆ ಆಧಾರವಿಲ್ಲ. 100 ಗ್ರಾಂ ಹಿಟ್ಟಿನ ಒಂದು ಮುದ್ದೆ ಅಂದರೆ ಎಣ್ಣೆ ಹಾಕದ ಮೂರು ಚಪಾತಿಗೂ ತುಸು ಜಾಸ್ತಿ. ರಾಗಿ ಒಳ್ಳೆಯದು ಎಂದು ಎರಡು ಮುದ್ದೆ ಉಂಡು ಮೇಲೆ ಅನ್ನವನ್ನೂ ಉಂಡರೆ ತೂಕ ಯಾಕೆ ಇಳಿದೀತು? ರಾಗಿಯ ದೊಡ್ಡತನ ಬೇರೆ ಕಡೆ ಇದೆ. ಅದರ 100 ಗ್ರಾಂನಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಯಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ಮೂಳೆ ಸವೆಯುವ ವಯಸ್ಸಿನ ಹೆಂಗಸರು ರಾಗಿ ಉಣ್ಣಬೇಕಾದದ್ದು ಅದಕ್ಕೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ ದೇಶದುದ್ದಕ್ಕೂ ನಡೆದ ಇಂಡಿಯಾಬ್ ಎಂಬ ಸಕ್ಕರೆ ಕಾಯಿಲೆ ಸಮೀಕ್ಷೆಯ 2025ರ ವರದಿ, ಧಾನ್ಯ ಬದಲಿಸಿದರೆ ಸಾಲದು ಎಂಬುದನ್ನೇ ಇನ್ನೂ ದೊಡ್ಡ ಪ್ರಮಾಣದಲ್ಲಿ ತೋರಿಸಿದೆ. ಭಾರತೀಯರ ಊಟದ ಶಕ್ತಿಯಲ್ಲಿ ಶೇ 62ರಷ್ಟು ಬರುವುದು ಪಿಷ್ಟ ಮತ್ತು ಸಕ್ಕರೆಯಿಂದ. ಬಿಳಿ ಅಕ್ಕಿಯ ಬದಲು ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ಎಂದು ಧಾನ್ಯ ಬದಲಿಸಿದಮಾತ್ರಕ್ಕೆ ಸಕ್ಕರೆ ಕಾಯಿಲೆಯ ಅಪಾಯ ತಗ್ಗುವುದು ಕಾಣಲಿಲ್ಲ. ಒಟ್ಟು ಪಿಷ್ಟವನ್ನೇ ಒಂದಿಷ್ಟು ಇಳಿಸಿ ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನ ಪ್ರೋಟೀನು ತಂದರೆ ಅಪಾಯ ಕಡಿಮೆಯಾಗುವ ಸಾಧ್ಯತೆ ಕಂಡಿತು. ಅನ್ನ ಬಿಟ್ಟು ಚಪಾತಿ, ಚಪಾತಿ ಬಿಟ್ಟು ಮುದ್ದೆ ಎಂದು ತಟ್ಟೆಯ ನಡುವಿನ ಗುಡ್ಡೆಯನ್ನು ಮಾತ್ರ ಬದಲಾಯಿಸುತ್ತ ಬಂದಿರುವ ನಮಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಮೇಡಂ ಪಟ್ಟಿಯಲ್ಲಿ ಮೊಳಕೆ ಹೆಸರುಕಾಳು, ಕಡಲೆ, ಮೊಸರು ಇದ್ದವಲ್ಲ, ಗುಟ್ಟಿನ ಅರ್ಧ ಅಲ್ಲಿದೆ. ಗೋಧಿ ಬಿಡುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಗೋಧಿ ಹಿಟ್ಟಿನಲ್ಲಿ ಶೇ 10ಕ್ಕೂ ಹೆಚ್ಚು ಪ್ರೋಟೀನಿದೆ, ರಾಗಿಯಲ್ಲಿ 7. ಗೋಧಿ ಹೋಗಿ ಆ ಜಾಗಕ್ಕೆ ಬರೀ ಅನ್ನ ಸಾರು ಬಂದರೆ ಪ್ರೋಟೀನು ಇಳಿಯುತ್ತದೆ, ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಹುರುಳಿ, ಅಲಸಂದೆ, ಹೆಸರು, ಕಡಲೆ ಇವು ದಿನಾ ಒಂದು ಹೊತ್ತಿಗಾದರೂ ಬರೀ ಸಾರಿನ ತಿಳಿಯಾಗಿ ಬರದೆ, ಕಾಳಾಗಿ ತಟ್ಟೆಗೆ ಬರಬೇಕು. ಮಾಂಸಾಹಾರಿಗಳಿಗೆ ಮೊಟ್ಟೆ, ಮೀನು ಇದ್ದೇ ಇದೆ.

ಇನ್ನೊಂದು ದಾರಿ ಸೂಪರ್ ಮಾರ್ಕೆಟ್ಟಿನದು. ಗ್ಲುಟನ್ ಮುಕ್ತ ಎಂದು ಬರೆದ ಕುಕ್ಕೀಸು, ಬ್ರೆಡ್ಡು, ನೂಡಲ್ಸುಗಳಲ್ಲಿ ಹಲವು ಅಕ್ಕಿ ಹಿಟ್ಟು, ಮರಗೆಣಸಿನ ಪಿಷ್ಟ, ಮೆಕ್ಕೆಜೋಳದ ಪಿಷ್ಟ, ಸಕ್ಕರೆ, ಎಣ್ಣೆ ಸೇರಿಸಿ ಮಾಡಿದವು. ನಾರು ಕಡಿಮೆ, ಪ್ರೋಟೀನು ಕಡಿಮೆ, ಬೆಲೆ ಎರಡು ಮೂರು ಪಟ್ಟು. ಸೀಲಿಯಾಕ್ ಇರುವವರಿಗೆ ಅವು ಬೇಕು. ತೂಕ ಇಳಿಸಲು ಹೊರಟವರಿಗೆ ಅವು ಬಿಟ್ಟುಬಂದ ಬೇಕರಿಯನ್ನೇ ಮನೆಗೆ ಕರೆತಂದ ಹಾಗೆ. ಕಪ್ಲಿ ಗೋಧಿಯ ವಿಷಯದಲ್ಲೂ ಈಚೆಗೆ ಇಂಥದೇ ಪ್ರಚಾರ ನಡೆದಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ತಲೆಮಾರುಗಳಿಂದ ಬೆಳೆದುಕೊಂಡು ಬಂದ, ಹುಗ್ಗಿ ಮಾದಲಿಗೆ ಹೇಳಿ ಮಾಡಿಸಿದಂಥ ಗೋಧಿ ಅದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದರಲ್ಲಿ ಡಿಡಿಕೆ ಎಂಬ ಹೊಸ ತಳಿಗಳನ್ನೂ ಕೊಟ್ಟಿದೆ. ರುಚಿಗೆ, ನಾರಿಗೆ, ರೈತನ ಹೊಲದಲ್ಲಿ ಒಂದು ಹಳೆಯ ಬೆಳೆ ಉಳಿಯಲಿ ಎಂಬುದಕ್ಕೆ ಅದನ್ನು ಕೊಳ್ಳಿ, ನಾನಂತೂ ಸಂತೋಷಪಡುತ್ತೇನೆ. ಆದರೆ ಅದರಲ್ಲೂ ಗ್ಲುಟನ್ ಇದೆ, ಕ್ಯಾಲೊರಿಯೂ ಸಾಧಾರಣ ಗೋಧಿಯ ಆಸುಪಾಸಿನಲ್ಲೇ ಇದೆ.

ಇಷ್ಟಾಗಿಯೂ ಗೋಧಿ ಬಿಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ 609 ಮಂದಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ ಕೊಬ್ಬು ಕಡಿಮೆಯ ಊಟ, ಇನ್ನೊಂದಕ್ಕೆ ಪಿಷ್ಟ ಕಡಿಮೆಯ ಊಟ ಹೇಳಿದರು. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಸರಾಸರಿ ಐದಾರು ಕೆಜಿ ಇಳಿದಿತ್ತು, ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎರಡೂ ಗುಂಪಿಗೆ ಹೇಳಿದ್ದ ಒಂದು ಮಾತು ಸಮಾನವಾಗಿತ್ತು: ಸಕ್ಕರೆ, ಮೈದಾ ಬಿಡಿ, ತರಕಾರಿ ಹೆಚ್ಚು ತಿನ್ನಿ, ಆದಷ್ಟು ಮನೆಯ ಅಡುಗೆ ಉಣ್ಣಿ. ಯಾವ ಕಟ್ಟುಪಾಡು ನಿಮ್ಮ ಮನೆಗೆ ಹೊಂದುತ್ತದೋ ಅದು ನಡೆಯುತ್ತದೆ. ಕನ್ನಡಿಗರಿಗೆ ಗೋಧಿಯಿಲ್ಲದ ಊಟ ಕಷ್ಟವೂ ಅಲ್ಲ. ಉತ್ತರದಲ್ಲಿ ಜೋಳದ ರೊಟ್ಟಿ, ಬಯಲುಸೀಮೆಯಲ್ಲಿ ಮುದ್ದೆ, ಮಲೆನಾಡಿನಲ್ಲಿ ಅಕ್ಕಿ ರೊಟ್ಟಿ ಕಡುಬು, ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿ ನೀರ್‌ದೋಸೆ. ಹೋಳಿಗೆ, ಹುಗ್ಗಿ, ಚಿರೋಟಿಯ ರೂಪದಲ್ಲಿ ಗೋಧಿ ಹಬ್ಬಕ್ಕೆ ಬರುವ ನೆಂಟನಾಗಿತ್ತು. ಹಿರಿಯರು ಆ ಊಟ ಉಂಡು ಸಣ್ಣಗಿದ್ದರು ಎನ್ನುವಾಗ ಅವರು ಹೊಲದಲ್ಲಿ ದಿನವಿಡೀ ದುಡಿಯುತ್ತಿದ್ದರು, ಬೇಕೆಂದಾಗ ತಿನ್ನಲು ಮನೆಯಲ್ಲಿ ಡಬ್ಬಿ ತುಂಬ ತಿಂಡಿ ಇರಲಿಲ್ಲ ಎಂಬುದನ್ನೂ ಸೇರಿಸಿಕೊಳ್ಳಬೇಕು. ಯಾವ ಊಟ ಆರಿಸಿಕೊಂಡರೂ ತಕ್ಕಡಿಯ ಜೊತೆ ಟೇಪನ್ನೂ ಇಟ್ಟುಕೊಳ್ಳಿ. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಬಾರದು ಎಂಬುದು ವೈದ್ಯರ ಅಳತೆ.

ಗೋಧಿ ಬಿಡುವ ಮೊದಲು ಒಂದು ಎಚ್ಚರಿಕೆ, ಇದು ಈ ಬರಹದಲ್ಲಿ ನಾನು ಅತಿ ಮುಖ್ಯ ಎಂದುಕೊಂಡಿರುವ ಮಾತು. ಆಗಾಗ ಭೇದಿ, ಕಬ್ಬಿಣದ ಮಾತ್ರೆ ನುಂಗಿದರೂ ವಾಸಿಯಾಗದ ರಕ್ತಹೀನತೆ, ಕಾರಣ ತಿಳಿಯದೆ ಇಳಿಯುವ ತೂಕ, ವಯಸ್ಸಿಗೆ ತಕ್ಕ ಎತ್ತರ ಬಾರದ ಮಗು, ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಸೀಲಿಯಾಕ್ ಕಾಯಿಲೆಯಾಗಿರಬಹುದು. ಗ್ಲುಟನ್ ಒಳಗೆ ಹೋದಾಗಲೆಲ್ಲ ದೇಹದ ರಕ್ಷಣಾ ವ್ಯವಸ್ಥೆ ತನ್ನ ಕರುಳಿನ ಮೇಲೆ ತಾನೇ ಬೀಳುವ ಕಾಯಿಲೆ ಇದು. 1944–45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಬ್ರೆಡ್ಡು ಸಿಗದೆ ಜನ ಹಸಿವಿನಿಂದ ಕಂಗೆಟ್ಟಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಗೋಧಿಯ ಮೇಲೆ ಮೊದಲೇ ಅನುಮಾನವಿದ್ದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ ಅದು ದೊಡ್ಡ ಆಧಾರವಾಯಿತು. ಭಾರತದ ಉತ್ತರದಲ್ಲಿ ಸುಮಾರು ನೂರರಲ್ಲಿ ಒಬ್ಬರಿಗೆ, ದಕ್ಷಿಣದಲ್ಲಿ ಸುಮಾರು ಹತ್ತು ಸಾವಿರದಲ್ಲಿ ಒಬ್ಬರಿಗೆ ಇದು ಇದೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ನಮ್ಮಲ್ಲಿ ಅಪರೂಪವಾದ್ದರಿಂದ ವೈದ್ಯರ ಮನಸ್ಸಿಗೂ ತಟ್ಟನೆ ಬರದೆ ಹೋಗಬಹುದು, ನೀವೇ ಕೇಳಿ.

ಇದಕ್ಕೆ ಟಿಟಿಜಿ ಎಂಬ ರಕ್ತಪರೀಕ್ಷೆ ಇದೆ. ಅದರಲ್ಲಿ ಕಾಯಿಲೆಯ ಸೂಚನೆ ಬಂದರೆ ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಚೂರು ತೆಗೆದು ನೋಡುತ್ತಾರೆ. ಎರಡೂ ಸರಿಯಾಗಿ ಹೇಳಬೇಕಾದರೆ ರೋಗಿ ಗೋಧಿ ತಿನ್ನುತ್ತಿರಬೇಕು. ತಿಂಗಳುಗಟ್ಟಲೆ ಬಿಟ್ಟು ಆಮೇಲೆ ಪರೀಕ್ಷೆಗೆ ಹೋದರೆ ಕಾಯಿಲೆ ಇದ್ದರೂ ಇಲ್ಲ ಎಂದೇ ಬರಬಹುದು. ಪತ್ತೆಯಾದ ಮೇಲೆ ಅವರ ಪಥ್ಯ ತೂಕ ಇಳಿಸುವವರ ಪಥ್ಯದಂತಲ್ಲ, ಜೀವಮಾನವಿಡೀ ಗ್ಲುಟನ್ ಒಂದು ಚೂರೂ ಇಲ್ಲ. ರವೆ, ಶಾವಿಗೆ, ಬಾರ್ಲಿ ಗಂಜಿ, ಬಾರ್ಲಿ ಮಾಲ್ಟ್ ಬೆರೆತ ಹಾಲಿನ ಪುಡಿಗಳು, ಗೋಬಿ ಮಂಚೂರಿಗೆ ಹಾಕುವ ಸೋಯಾ ಸಾಸ್ ಎಲ್ಲವೂ ನಿಷಿದ್ಧ. ಮನೆಯಲ್ಲಿ ರಾಗಿಯಿಂದ ಮಾಡುವ ಮಾಲ್ಟಿಗೆ ತೊಂದರೆಯಿಲ್ಲ, ಆದರೆ ಆ ರಾಗಿಯನ್ನು ಗೋಧಿ ಬೀಸುವ ಗಿರಣಿಗೆ ಕೊಡಬಾರದು, ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟೇ ಸಾಕು. ಮನೆಯ ಮಿಕ್ಸಿಯಲ್ಲಿ ಬೀಸಿಕೊಳ್ಳಬೇಕು. ಒಗ್ಗರಣೆಗೆ ಹಾಕುವ ಇಂಗನ್ನೂ ನೋಡಿ ತರಬೇಕು. ಅಂಗಡಿಯಲ್ಲಿ ಸಿಗುವ ಬಹುತೇಕ ಇಂಗಿನ ಪುಡಿಯಲ್ಲಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ.